ಸಾವಿರ ವರ್ಷದ ಅಡೆಗಲ್ಲು

ತಾರೀಖಪ್ಪನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಅವನ ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಜನನ ಮರಣ ನೋಂದಣಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಕೂತು, ಊರಿನವರು ಯಾವತ್ತು ಬಂದರು, ಯಾವತ್ತು ಹೋದರು ಎಂದು ಬರೆದು ಬರೆದು, ಕಾಲದ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ಅವನಲ್ಲಿ ಬೇರು ಬಿಟ್ಟಿತ್ತು. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲನ್ನು ಮುಟ್ಟಿ ನೋಡಿ, "ಇದು ಐವತ್ತೆಂಟನೇ ಇಸವೀದು" ಎನ್ನುತ್ತಿದ್ದ. ಕುರ್ಚಿಗೆ ಬಾಯಿಲ್ಲ. ಹಾಗಾಗಿ ಇಷ್ಟು ವರ್ಷ ಅವನ ಮಾತು ಸುಳ್ಳಾಗಿರಲಿಲ್ಲ.

ಅವನ ನೆಮ್ಮದಿಗೆ ಕಲ್ಲು ಹಾಕಿದವನು ಹೆಂಡತಿಯ ತಮ್ಮ. ಈ ಭಾವಮೈದ ಎಲ್ಲಿಂದಲೋ ಒಂದು ಹಳೆಯ ಗೋಡೆ ಗಡಿಯಾರ ತಂದಿದ್ದ. ಅದರ ಬೆನ್ನಿನ ಮೇಲೆ ಸಾವಿರದ ಎಂಟುನೂರ ಎಪ್ಪತ್ತೊಂದು ಎಂದು ಇಸವಿ ಕೊರೆದಿತ್ತು. ಅಂದಿನಿಂದ ಪ್ರತಿ ಭಾನುವಾರ ಅಕ್ಕನ ಮನೆಗೆ ಬಂದು ಕಾಲಮೇಲೆ ಕಾಲು ಹಾಕಿಕೊಂಡು ಕೂರುವುದು ಅವನ ನೇಮವಾಯಿತು.

"ಭಾವ, ನೂರೈವತ್ತು ವರ್ಷ ದಾಟಿದೆ, ಇವತ್ತಿಗೂ ಟಿಕ್ ಟಿಕ್ ಅನ್ನುತ್ತೆ. ನಿಮ್ಮನೇಲಿ ಹಳೇದು ಅಂತ ಏನಿದೆ ಹೇಳಿ?"

"ನಿಮ್ಮ ಭಾವನೇ ಇದಾರಲ್ಲೋ," ಎಂದು ಅಡುಗೆಮನೆಯಿಂದ ಅಕ್ಕ ಹೇಳುತ್ತಿದ್ದಳು. ಅಕ್ಕ ತಮ್ಮ ಇಬ್ಬರೂ ನಗುತ್ತಿದ್ದರು. ತಾರೀಖಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಊರಿನ ಕಾಲವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುವ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಇಂಥ ಬಾಳು ಬಂದಿತ್ತು.

ಹೀಗಿರುವಾಗ ಒಂದು ಗುರುವಾರ ಸಂಜೆ, ಕಿಟಕಿಯ ಮುರಿದ ಕೀಲನ್ನು ಜೇಬಿನಲ್ಲಿ ಹಾಕಿಕೊಂಡು ಅವನು ಬೀದಿಯ ಕೊನೆಯಲ್ಲಿದ್ದ ಕುಲುಮೆಗೆ ಹೋದ. ಅಲ್ಲಿಯ ಕಮ್ಮಾರ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಳಿದದ್ದನ್ನೆಲ್ಲ ಅವನ ಹೆಂಡತಿ, ಕುಲುಮೆಗೆ ಗಾಳಿ ಊದುವ ಚಕ್ರ ತಿರುಗಿಸುತ್ತ, ಇಬ್ಬರ ಪರವಾಗಿ ಆಡಿ ಮುಗಿಸುತ್ತಿದ್ದಳು. ಆಸ್ಪತ್ರೆಗೆ ದೊಡ್ಡ ಗೇಟು ಮಾಡಿಕೊಡಲು ಅವರು ಒಪ್ಪಿಕೊಂಡಿದ್ದರು. ತಿಂಗಳ ಕೊನೆಯ ಸೋಮವಾರ ಗೇಟು ನಿಲ್ಲಬೇಕು. ಗೋಡೆಗೆ ಒರಗಿಸಿದ ನಲವತ್ತು ಸಲಾಕೆಗಳಲ್ಲಿ ಏಳಕ್ಕೆ ಮಾತ್ರ ಚೂಪು ತುದಿ ಬಂದಿತ್ತು.

ನಡುವೆ ಮರದ ದಿಮ್ಮಿಯ ಮೇಲೆ ಅಡೆಗಲ್ಲು ಕೂತಿತ್ತು. ಹೆಸರಿಗೆ ಕಲ್ಲು, ಮೈಯೆಲ್ಲ ಕಬ್ಬಿಣ. ಒಂದು ಕಡೆ ಕೊಂಬಿನಂತೆ ಮೂತಿ, ಇನ್ನೊಂದು ಕಡೆ ಒಂದು ಚೌಕದ ತೂತು, ಒಂದು ದುಂಡು ತೂತು. ಕಾದ ಕಬ್ಬಿಣವನ್ನು ಇದರ ಮೇಲಿಟ್ಟು ಬಡಿಯದೆ ಕಮ್ಮಾರನಿಗೆ ಕೆಲಸವಿಲ್ಲ. ಕೀಲು ಕಾಯುವವರೆಗೆ ಸುಮ್ಮನಿರಲಾರದ ತಾರೀಖಪ್ಪ ಬಗ್ಗಿ ಅದರ ಪಕ್ಕೆಯನ್ನು ಸವರಿದ. ಮಸಿಯ ಅಡಿಯಲ್ಲಿ ಏನೋ ಕೊರೆದಂತಿತ್ತು. ಅಳತೆ ಗುರುತು ಹಾಕಲು ಇಟ್ಟಿದ್ದ ಸೀಮೆಸುಣ್ಣ ತೆಗೆದು ಉಜ್ಜಿದ. ಬಿಳಿ ಪುಡಿ ಗೆರೆಗಳಲ್ಲಿ ಕೂತು ಅಂಕಿಗಳು ಎದ್ದು ಬಂದವು. ಮೊದಲು ಒಂದು. ಕೊಂಚ ಬಿಟ್ಟು ಸೊನ್ನೆ. ಇನ್ನೂ ಕೊಂಚ ಬಿಟ್ಟು, ಒಟ್ಟೊಟ್ಟಿಗೆ ಎರಡು ಮತ್ತು ನಾಲ್ಕು.

ತಾರೀಖಪ್ಪನ ಕೈಯಿಂದ ಸೀಮೆಸುಣ್ಣ ಬಿತ್ತು.

"ಸಾವಿರದ ಇಪ್ಪತ್ತನಾಲ್ಕು!" ಎಂದ. "ಇದಕ್ಕೆ ಸಾವಿರ ವರ್ಷ ಆಗಿದೆ!"

"ನಮ್ಮ ಮಾವನೋರು ಹಳೇ ಕಾರ್ಖಾನೆ ಮುಚ್ಚಿದಾಗ ತಂದಿದ್ದಂತೆ ಸಾರ್," ಎಂದಳು ಕಮ್ಮಾರನ ಹೆಂಡತಿ ಚಕ್ರ ನಿಲ್ಲಿಸದೆ.

"ಕಾರ್ಖಾನೆಗೆ ಎಲ್ಲಿಂದ ಬಂತಮ್ಮ? ಅದನ್ನ ಯೋಚನೆ ಮಾಡಿ."

"ಅಂಕಿ ಮಧ್ಯ ಅಷ್ಟಷ್ಟು ಜಾಗ ಯಾಕೆ ಬಿಟ್ಟಿದಾರೆ ಮತ್ತೆ?"

"ಕಬ್ಬಿಣದಲ್ಲಿ ಕೊರೀಬೇಕಲ್ಲಮ್ಮ. ಒಂದು ಅಂಕಿ ಕೊರೆದು ಸುಸ್ತಾಗಿ ಕೂತಿರ್ತಾನೆ. ಎದ್ದು ಇನ್ನೊಂದು ಕೊರೆದಿರ್ತಾನೆ."

ಕಮ್ಮಾರ ತನ್ನ ಹತ್ತು ಮಾತುಗಳಲ್ಲಿ ಒಂದನ್ನು ಖರ್ಚು ಮಾಡಿ "ಜರುಗಿ" ಎಂದ. ಕೀಲನ್ನು ಅಡೆಗಲ್ಲಿನ ಮೇಲಿಟ್ಟು ನಾಲ್ಕು ಪೆಟ್ಟು ಹಾಕಿ ನೀರಿನಲ್ಲಿ ಅದ್ದಿ ಕೊಟ್ಟ. ಸಾವಿರ ವರ್ಷದ ಮೇಲೆ ಬೀಳುವ ಒಂದೊಂದು ಪೆಟ್ಟಿಗೂ ತಾರೀಖಪ್ಪ ಕಣ್ಣು ಮುಚ್ಚಿಕೊಂಡ.

ಭಾನುವಾರ ಭಾವಮೈದ ಬಂದು ಕಾಲಮೇಲೆ ಕಾಲು ಹಾಕುವುದನ್ನೇ ಕಾದಿದ್ದು, ತಾರೀಖಪ್ಪ ಸಾವಕಾಶವಾಗಿ ಪತ್ರಿಕೆ ಮಡಿಸಿದ. "ನಿನ್ನ ಗಡಿಯಾರ ಚೆನ್ನಾಗಿದೆಯಪ್ಪ. ನಿನ್ನೆ ಮೊನ್ನೆಯದಾದರೂ ಚೆನ್ನಾಗಿದೆ," ಎಂದು ಶುರು ಮಾಡಿ ಅಡೆಗಲ್ಲಿನ ವಿಷಯ ಹೇಳಿದ. ಭಾವಮೈದನ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು. ಆ ಒಂದು ಗಳಿಗೆಯ ಸುಖಕ್ಕೆ ತಾರೀಖಪ್ಪ ಏನು ಬೆಲೆಯನ್ನಾದರೂ ಕೊಡಲು ಸಿದ್ಧನಿದ್ದ. ಆದರೆ ಆ ಬೆಲೆಯನ್ನು ಕೊಡಬೇಕಾದವನು ಬೇರೆಯವನು ಎಂಬುದು ಅವನಿಗೆ ಹೊಳೆಯಲಿಲ್ಲ.

ಭಾವಮೈದನ ಬಾಯಿ ಅವನ ಗಡಿಯಾರಕ್ಕಿಂತ ಚೆನ್ನಾಗಿ ನಡೆಯುತ್ತಿತ್ತು. ಸೋಮವಾರ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಯಿತು. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಊರು. ಸಂಜೆಯ ಹೊತ್ತಿಗೆ ಅಡೆಗಲ್ಲಿಗೆ ಎರಡು ಸಾವಿರ ವರ್ಷವಾಗಿತ್ತು, ಅದರ ಮೇಲೆ ಹಲವು ರಾಜರ ಕತ್ತಿಗಳು ತಯಾರಾಗಿದ್ದವು. ಜನ ತಂತಮ್ಮ ಮನೆಯ ಹಳೆಯ ಸಾಮಾನು ಹೊತ್ತುಕೊಂಡು ತಾರೀಖಪ್ಪನ ಬಾಗಿಲಿಗೆ ಬಂದರು. ಇಸ್ತ್ರಿಪೆಟ್ಟಿಗೆ, ಬೀಗ, ತೂತು ಬಿದ್ದ ಬಕೀಟು. ಪಕ್ಕದ ಮನೆಯವನು ತನ್ನ ಅತ್ತೆಯನ್ನೇ ಕರೆದುಕೊಂಡು ಬಂದ. "ಎಪ್ಪತ್ತು ಅಂತಾರೆ ಸಾರ್, ನನಗೆ ನಂಬಿಕೆ ಇಲ್ಲ. ನೀವೊಂದು ಸಲ ನೋಡಿ," ಎಂದ. ಆಕೆ ಅಳಿಯನಿಗೆ ಅಲ್ಲೇ ಮಂಗಳಾರತಿ ಎತ್ತಿದಳು.

ಮಂಗಳವಾರ ಪ್ರಾಚ್ಯವಸ್ತು ಅಧಿಕಾರಿ ಜೀಪಿನಲ್ಲಿ ಬಂದರು. ಸಣ್ಣಗೆ, ಅಚ್ಚುಕಟ್ಟಾಗಿದ್ದ ಮನುಷ್ಯ. ಈ ಹುದ್ದೆಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಅವರ ವ್ಯಾಪ್ತಿಯಲ್ಲಿ ಒಂದು ಮಡಕೆಯ ಚೂರೂ ಸಿಕ್ಕಿರಲಿಲ್ಲ. ಅಡೆಗಲ್ಲನ್ನು ಕಂಡೊಡನೆ ಅವರ ಕಣ್ಣು ಒದ್ದೆಯಾಯಿತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಗಂಟೆಯಂತೆ ಟಣ್ ಎಂದಿತು. ಜೇಬಿನಿಂದ ಉಕ್ಕಿನ ಗೋಲಿ ತೆಗೆದು ಮೇಲಿನಿಂದ ಬಿಟ್ಟರು. ಅದು ಪುಟಿದು ಹೆಚ್ಚುಕಡಿಮೆ ಅವರ ಕೈಗೇ ವಾಪಸು ಬಂತು.

"ಒಳ್ಳೆ ಜೀವಂತವಾಗಿದೆ. ಅಂಕಿಗಳ ನಡುವೆ ಜಾಗ ಇದೆಯಲ್ಲ, ಪ್ರಾಚೀನತೆ ಇರೋದೇ ಆ ಜಾಗದಲ್ಲಿ," ಎಂದರು.

"ನಾನೂ ಅದನ್ನೇ ಹೇಳಿದ್ದು ಸಾರ್," ಎಂದ ತಾರೀಖಪ್ಪ.

ಅಧಿಕಾರಿ ಅಡೆಗಲ್ಲಿಗೆ ಬಿಳಿ ಬಟ್ಟೆ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ ಒತ್ತಿದರು. ಇನ್ನು ಇದನ್ನು ಬಡಿಯುವುದಿರಲಿ, ಮುಟ್ಟುವುದೂ ಅಪರಾಧ ಎಂದರು. ಶನಿವಾರ ಊರವರೆದುರು ಸಣ್ಣ ಸಮಾರಂಭ ಮಾಡಿ, ಲಾರಿಯಲ್ಲಿ ವಸ್ತುಸಂಗ್ರಹಾಲಯಕ್ಕೆ ಒಯ್ಯುತ್ತೇವೆ ಎಂದೂ ಹೇಳಿದರು.

"ನಾವು ಯಾತರ ಮೇಲೆ ಬಡೀಬೇಕು ಸಾರ್?" ಎಂದಳು ಕಮ್ಮಾರನ ಹೆಂಡತಿ.

"ಬೇರೆ ಒಂದು ತಗೊಳ್ಳಿ."

"ಈಗ ಸಿಗೋದೆಲ್ಲ ಎರಕದ್ದು. ನಾಲ್ಕು ದಿನಕ್ಕೆ ಸೀಳು ಬಿಡುತ್ತೆ. ಇಂಥದ್ದು ಎಲ್ಲಿದೆ ತೋರಿಸಿ, ನಮ್ಮೆಜಮಾನ್ರು ತಲೆ ಮೇಲೆ ಹೊತ್ಕೊಂಡು ಬರ್ತಾರೆ."

"ಇಂಥದ್ದು ಇನ್ನೆಲ್ಲೂ ಇಲ್ಲ ತಾಯಿ. ಅದಕ್ಕೇ ತಗೊಂಡು ಹೋಗ್ತಿರೋದು," ಎಂದು ಅಧಿಕಾರಿ ಪ್ರೀತಿಯಿಂದ ವಿವರಿಸಿದರು.

ಜೀಪು ಹೋದಮೇಲೆ ಕಮ್ಮಾರ ಒಂದು ಚಪ್ಪಡಿ ಕಲ್ಲು ಉರುಳಿಸಿ ತಂದು ಅದರ ಮೇಲೆ ಸಲಾಕೆ ಇಟ್ಟು ಬಡಿದ. ಮೂರನೆಯ ಪೆಟ್ಟಿಗೆ ಕಲ್ಲು ಎರಡು ಹೋಳಾಯಿತು. ಕುಲುಮೆಯ ಬೆಂಕಿ ಆರಿಸಿ, ಬಾಗಿಲು ಎಳೆದುಕೊಂಡು, ಗಂಡ ಹೆಂಡತಿ ನೇರವಾಗಿ ತಾರೀಖಪ್ಪನ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತರು.

ಜಗಳವಾಡಿದ್ದರೆ ತಾರೀಖಪ್ಪನಿಗೆ ಎಷ್ಟೋ ಹಾಯಾಗುತ್ತಿತ್ತು. ಅವರು ಜಗಳವಾಡಲಿಲ್ಲ. "ಕೆಲಸ ಇಲ್ವಲ್ಲ ಸಾರ್, ಮನೇಲಿ ಕೂತು ಏನ್ ಮಾಡೋದು ಅಂತ ಬಂದ್ವಿ," ಎಂದಳು ಹೆಂಡತಿ. ಕಮ್ಮಾರ ತನ್ನ ಎರಡು ದೊಡ್ಡ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕೂತ. ಆ ಕೈಗಳಿಗೆ ಸುಮ್ಮನಿದ್ದು ಅಭ್ಯಾಸವಿರಲಿಲ್ಲ. ಬೆರಳುಗಳು ಮಡಚುತ್ತ ಬಿಚ್ಚುತ್ತ ಏನನ್ನೋ ಹುಡುಕುತ್ತಿದ್ದವು. ತಾರೀಖಪ್ಪನ ಹೆಂಡತಿ ಟೀ ಕೊಟ್ಟಳು. ಬುಧವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅವರು ಮತ್ತೆ ಅಲ್ಲೇ ಇದ್ದರು. ತಾರೀಖಪ್ಪ ಹಿತ್ತಿಲ ಬಾಗಿಲಿನಿಂದ ಕಚೇರಿಗೆ ಹೋದ.

ಅದೇ ಬುಧವಾರ ಭಾವಮೈದ ಕಚೇರಿಗೆ ಫೋನು ಮಾಡಿ, "ಭಾವ, ಶನಿವಾರ ಎಲ್ಲರೆದುರಿಗೆ ನೀವು ಮಾತಾಡ್ಬೇಕಾಗುತ್ತೆ. ಯಾರಾದ್ರೂ ಪ್ರಶ್ನೆ ಕೇಳಿದ್ರೆ? ಬಲ್ಲವರನ್ನ ಒಂದು ಮಾತು ಕೇಳ್ಕೊಂಡಿರಿ," ಎಂದ. ಭಾವಮೈದ ಹೇಳಿದ್ದರಲ್ಲಿ ಸರಿಯಾದ ಮಾತು ಇದೊಂದೇ. ಹಾಗಾಗಿ ಅದರಿಂದಲೇ ಅನಾಹುತವಾಯಿತು.

ಬಲ್ಲವರು ಎಂದರೆ ಮುಚ್ಚಿಹೋದ ಕಾರ್ಖಾನೆಯ ಹಳೆಯ ಮೇಸ್ತ್ರಿ. ಎಂಬತ್ತು ದಾಟಿದವರು. ನಲವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿದ್ದು ಕಿವಿ ಪೂರ್ತಿ ಹೋಗಿತ್ತು. ತಾರೀಖಪ್ಪ ಅಂಕಿಗಳನ್ನು ಚೀಟಿಯಲ್ಲಿ ಬರೆದು, ನಡುವಿನ ಜಾಗವನ್ನೂ ಇದ್ದಂತೆ ಬಿಟ್ಟು, ಅವರ ಮನೆಗೆ ಹೋಗಿ ಮುಂದೆ ಹಿಡಿದ. ಮೇಸ್ತ್ರಿ ಕನ್ನಡಕ ಏರಿಸಿ ನೋಡಿ, ಇಡೀ ಕಾರ್ಖಾನೆಗೆ ಕೇಳುವಂತೆ ಕೂಗಿದರು.

"ತೂಕ ಕಣಯ್ಯಾ! ಇದು ಅಡೆಗಲ್ಲಿನ ತೂಕ!"

ತಾರೀಖಪ್ಪ ಎದ್ದು ಬೀದಿಯ ಕಿಟಕಿ ಮುಚ್ಚಿದ.

"ಮೊದಲನೇ ಅಂಕಿ, ನೂರ ಹನ್ನೆರಡು ಪೌಂಡು ಎಷ್ಟು ಸಲ ಅಂತ! ನಡುವಿನದು, ಅದರ ಕಾಲುಭಾಗ ಎಷ್ಟು ಅಂತ! ಅದಕ್ಕೇ ನಡುವೆ ಮೂರಕ್ಕಿಂತ ದೊಡ್ಡ ಅಂಕಿ ಬರೋದಿಲ್ಲ! ಕೊನೇದು, ಮಿಕ್ಕ ಪೌಂಡು! ಎಷ್ಟಾಯ್ತು? ನೂರ ಮೂವತ್ತಾರು! ಅರವತ್ತೊಂದು ಅರವತ್ತೆರಡು ಕಿಲೋ!"

ತಾರೀಖಪ್ಪ ಇನ್ನೊಂದು ಕಿಟಕಿ ಮುಚ್ಚಿ, "ಇಸವಿ ಇರಬಹುದಲ್ವಾ?" ಎಂದು ಚೀಟಿಯಲ್ಲಿ ಬರೆದು ತೋರಿಸಿದ.

"ಯಾವ ಪೆದ್ದ ಹಂಗೆ ಹೇಳಿದ್ದು?"

ತಾರೀಖಪ್ಪ ಬಾಗಿಲನ್ನೂ ಮುಚ್ಚಿದ.

"ಕೊಂಬಿನ ಎದುರುಗಡೆ ಚೌಕ ತೂತಿನ ಪಕ್ಕ ದುಂಡು ತೂತು ಇದೆಯೋ ಇಲ್ಲವೋ? ಇದೆ! ಹಳೇ ಅಡೆಗಲ್ಲಿಗೆ ಆ ದುಂಡು ತೂತು ಇರಲ್ಲ, ಅದು ಆಮೇಲೆ ಬಂದದ್ದು! ಅದಕ್ಕೆ ನೂರು ವರ್ಷ, ಮಿಂಚಿದರೆ ನೂರಿಪ್ಪತ್ತು! ನನ್ನ ಕೈಯಾರೆ ಎಷ್ಟು ವರ್ಷ ಬಡಿದಿದೀನಿ ಅದರ ಮೇಲೆ!"

ನೂರಿಪ್ಪತ್ತು. ಎಂದರೆ ಭಾವಮೈದನ ಗಡಿಯಾರಕ್ಕಿಂತ ಚಿಕ್ಕದು. ಮುಚ್ಚಿದ ಕೋಣೆಯ ಸೆಕೆಯಲ್ಲಿ ಮೇಸ್ತ್ರಿ ಬೀಸಣಿಗೆ ಬೀಸಿಕೊಳ್ಳುತ್ತ, ಇವನಿಗೇಕೆ ಇಷ್ಟು ಚಳಿ ಎಂದು ಯೋಚಿಸುತ್ತಿದ್ದರು.

ಈಗ ಸತ್ಯ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಾಯಿಬಿಟ್ಟರೆ ಊರ ಮುಂದೆ ಮಾನ ಹೋಗುತ್ತದೆ. ಬಿಡದಿದ್ದರೆ ಶನಿವಾರ ಅಡೆಗಲ್ಲು ಹೋಗುತ್ತದೆ, ಅದರ ಹಿಂದೆ ಆಸ್ಪತ್ರೆಯ ಗೇಟು, ಅದರ ಹಿಂದೆ ಕುಲುಮೆ. ಇಂಥ ಸಂದರ್ಭದಲ್ಲಿ ಧೈರ್ಯವಿಲ್ಲದ ಸಜ್ಜನರು ಏನು ಮಾಡುತ್ತಾರೋ ತಾರೀಖಪ್ಪನೂ ಅದನ್ನೇ ಮಾಡಿದ. ಅಧಿಕಾರಿಗೆ ಹೆಸರಿಲ್ಲದ ಪತ್ರ ಬರೆದ. ಊರಿನ ಪ್ರತಿಯೊಂದು ಜನನ ಪ್ರಮಾಣಪತ್ರದ ಮೇಲೂ ತನ್ನ ಅಕ್ಷರವಿದೆ ಎಂಬುದು ನೆನಪಾಗಿ, ಎಡಗೈಯಲ್ಲಿ ಬರೆದ.

ಶುಕ್ರವಾರ ಅಧಿಕಾರಿ ಆ ಪತ್ರವನ್ನು ಹಿಡಿದುಕೊಂಡು ಅವನ ಕಚೇರಿಗೇ ಬಂದರು.

"ಯಾರೋ ಹೊಟ್ಟೆಕಿಚ್ಚಿನವರು. ಇಸವಿಯಲ್ಲ, ತೂಕವಂತೆ! ಅಕ್ಷರ ನೋಡಿ, ಕೋಳಿ ಕಾಲು ಎಳೆದ ಹಾಗಿದೆ. ಅಕ್ಷರದ ವಿಷಯ ನಿಮಗೆ ಗೊತ್ತಿರುತ್ತೆ. ಬರೆದವನು ಎಂಥ ಮನುಷ್ಯ ಇರಬಹುದು?"

ತಾರೀಖಪ್ಪ ತನ್ನ ಪತ್ರವನ್ನು ಬಹಳ ಹೊತ್ತು ನೋಡಿದ.

"ಹೇಡಿ ಇರಬೇಕು ಸಾರ್," ಎಂದ.

"ನನಗೂ ಹಾಗೇ ಅನ್ನಿಸ್ತು," ಎಂದು ಅಧಿಕಾರಿ ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು.

ಸಂಜೆ ಊಟದ ಹೊತ್ತಿನಲ್ಲಿ ಅವನ ಹೆಂಡತಿ, "ಎಡಗೈಗೆ ಯಾಕ್ರೀ ಇಂಕು ಮೆತ್ಕೊಂಡಿದೆ? ಎರಡು ದಿನದಿಂದ ನೋಡ್ತಾ ಇದೀನಿ," ಎಂದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳ ಮುಂದೆ ಸುಳ್ಳು ಹುಟ್ಟುವುದಿಲ್ಲ. ಎಲ್ಲವನ್ನೂ ಹೇಳಿದ. ಆಕೆ ಎದ್ದು ಕಿಟಕಿಯಿಂದ ನೋಡಿದಳು. ಮೆಟ್ಟಿಲ ಮೇಲೆ ಕಮ್ಮಾರ ಇನ್ನೂ ಕೂತಿದ್ದ.

"ಹೇಳ್ಬಿಡಿ," ಎಂದಳು.

"ನಿನ್ನ ತಮ್ಮ ನಗ್ತಾನೆ ಕಣೇ."

"ಅವನು ಹುಟ್ಟಿದಾಗಿಂದ ನಗ್ತಾನೇ ಇದಾನೆ. ಅದಕ್ಕೆ ಕಮ್ಮಾರ ಏನ್ ಮಾಡ್ತಾನೆ?"

ಶನಿವಾರ ಕುಲುಮೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಲಾರಿ ಬಂದಿತ್ತು. ಭಾವಮೈದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ನಿಂತಿದ್ದ. ಅಧಿಕಾರಿ ಕಾಲು ಗಂಟೆ ಮಾತಾಡಿ, "ಈ ಮಹತ್ವದ ಶೋಧ ಮಾಡಿದವರು ಈಗ ಎರಡು ಮಾತು ಆಡ್ತಾರೆ," ಎಂದು ಕೂತರು. ನಾಲ್ಕು ಜನ ಹಮಾಲರು ಅಡೆಗಲ್ಲಿಗೆ ಆಗಲೇ ಹಗ್ಗ ಬಿಗಿಯುತ್ತಿದ್ದರು. ಕಮ್ಮಾರ ಬಾಗಿಲ ಚೌಕಟ್ಟು ಹಿಡಿದು ನಿಂತು ಆ ಹಗ್ಗವನ್ನೇ ನೋಡುತ್ತಿದ್ದ.

ತಾರೀಖಪ್ಪ ನಿಜಕ್ಕೂ ಎರಡೇ ಮಾತು ಆಡಿದ.

"ಅದು ತೂಕ. ನಾನು ಪೆದ್ದ."

ಜನ ಚಪ್ಪಾಳೆ ತಟ್ಟಿದರು. ಮಾತು ಕೇಳಿಸಿಕೊಳ್ಳುವ ಮೊದಲೇ ಚಪ್ಪಾಳೆ ತಟ್ಟಿ ಅವರಿಗೆ ರೂಢಿಯಾಗಿತ್ತು. ಆಮೇಲೆ ಒಬ್ಬೊಬ್ಬರೇ ನಿಲ್ಲಿಸಿದರು. ತಾರೀಖಪ್ಪ ಮೇಸ್ತ್ರಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಪಕ್ಕದ ಗುಜರಿ ಅಂಗಡಿಯ ತಕ್ಕಡಿ ತರಿಸಿ ತೂಗಿಸಿದರು. ಮುಳ್ಳು ಅರವತ್ತೊಂದೂವರೆ ಕಿಲೋದ ಮೇಲೆ ಬಂದು ನಿಂತಿತು.

ಅಧಿಕಾರಿಯ ಮುಖ ನೋಡಲಾಗುತ್ತಿರಲಿಲ್ಲ. ಹನ್ನೊಂದು ವರ್ಷಕ್ಕೆ ಸಿಕ್ಕಿದ್ದ ಒಂದೇ ಒಂದು ವಸ್ತು ಅದು. ಅವರು ತಾರೀಖಪ್ಪನನ್ನು ಕುಲುಮೆಯ ಒಳಗೆ ಕರೆದು ಹಾಳೆ ಕೊಟ್ಟರು.

"ಮುದ್ರೆ ಒಡೀಬೇಕು ಅಂದರೆ ಕಡತಕ್ಕೆ ಒಂದು ಹೇಳಿಕೆ ಬೇಕು. ಬರೀರಿ: ನನಗೆ ಅಂಕಿ ಓದಲು ಬರುವುದಿಲ್ಲ."

ತಾರೀಖಪ್ಪ ಪೆನ್ನು ಕೆಳಗಿಟ್ಟ. "ತಪ್ಪಾಗಿ ಓದಿದೆ ಅಂತ ಬರೀತೀನಿ ಸಾರ್."

"ತಪ್ಪಾಗಿ ನಾನೂ ಓದಿದೀನಲ್ರೀ. ಆಗ ನನ್ನ ಹತ್ತಿರಾನೂ ಹೇಳಿಕೆ ಕೇಳ್ತಾರೆ. ಓದೋಕೆ ಬಾರದವನು ಹೇಳಿದ, ಅಧಿಕಾರಿ ನಂಬಿದರು ಅಂದರೆ ಅದು ಬರೀ ಒಳ್ಳೆತನ."

"ನಾನು ನೋಂದಣಿ ಗುಮಾಸ್ತ ಸಾರ್. ದಿನಾ ಅಂಕಿ ಬರೆಯೋದೇ ನನ್ನ ಕೆಲಸ."

"ಬರೆಯೋಕೆ ಬರುತ್ತೆ. ಓದೋಕೆ ಬರಲ್ಲ. ನಮ್ಮ ಇಲಾಖೆಗೆ ಅಷ್ಟು ಸಾಕು. ಬೇಡ ಅಂದರೆ ಹೇಳಿ, ಲಾರಿ ನಿಂತಿದೆ."

ತಾರೀಖಪ್ಪ ಬಾಗಿಲ ಕಡೆ ನೋಡಿದ. ಹೊರಗೆ ತಕ್ಕಡಿಯ ಮೇಲಿದ್ದ ಅಡೆಗಲ್ಲಿನ ಪಕ್ಕ ಕಮ್ಮಾರ ಕುಕ್ಕರುಗಾಲಲ್ಲಿ ಕೂತಿದ್ದ. ಮುದ್ರೆ ಒಡೆಯದೆ ಮುಟ್ಟುವುದು ಅಪರಾಧ ಎಂದು ಹೇಳಿದ್ದರಿಂದ, ಬಟ್ಟೆಯ ಮೇಲಿನ ಧೂಳನ್ನು ಬಾಯಿಂದ ಊದುತ್ತಿದ್ದ. ತಾರೀಖಪ್ಪ ಪೆನ್ನು ತೆಗೆದು, ಇಪ್ಪತ್ತಾರು ವರ್ಷದ ತನ್ನ ಮುದ್ದಾದ ಅಕ್ಷರದಲ್ಲಿ, ನನಗೆ ಅಂಕಿ ಓದಲು ಬರುವುದಿಲ್ಲ ಎಂದು ಬರೆದು ಸಹಿ ಹಾಕಿದ.

ಅಧಿಕಾರಿ ಹೊರಗೆ ಹೋಗಿ ಹೇಳಿಕೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಮುದ್ರೆ ಒಡೆದರು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಮ್ಮ ತಮ್ಮ ಹುಟ್ಟಿದ ದಿನ ಸರಿಯಿದೆಯೋ ಇಲ್ಲವೋ ಎಂದು ಕೆಲವರು ಗಾಬರಿಯಿಂದ ಮನೆಗೆ ಓಡಿದರು. ಲಾರಿ ಖಾಲಿ ಹೋಯಿತು.

ಎಲ್ಲರೂ ಚದುರಿದ ಮೇಲೂ ತಾರೀಖಪ್ಪ ಒಲೆಯ ಪಕ್ಕ ನಿಂತೇ ಇದ್ದ. ಕಮ್ಮಾರನಿಂದ ಒಂದು ಕ್ಷಮೆಯ ಮಾತು, ಸಾಧ್ಯವಾದರೆ ಒಂದು ಮೆಚ್ಚುಗೆಯ ಮಾತು ಬರಬಹುದೆಂದು ಕಾದ. ಕಮ್ಮಾರ ಅಡೆಗಲ್ಲನ್ನು ದಿಮ್ಮಿಯ ಮೇಲೆ ಕೂರಿಸಿ, ಒಲೆ ಹೊತ್ತಿಸಿ, ಸಲಾಕೆ ಒಳಗಿಟ್ಟ. ಮಾತಾಡಿದವಳು ಹೆಂಡತಿ.

"ಸುಮ್ನೆ ನಿಂತ್ಕೊಂಡು ಏನ್ ನೋಡ್ತೀರಾ ಸಾರ್? ಸೋಮವಾರ ಗೇಟು ನಿಲ್ಲಿಸಬೇಕು, ಐದು ದಿನ ನೀವೇ ನುಂಗಿದೀರಿ. ಬನ್ನಿ, ಈ ಚಕ್ರ ತಿರುಗಿಸಿ. ನಾನು ಸಲಾಕೆ ಹಿಡೀತೀನಿ."

ತಾರೀಖಪ್ಪ ಅಂಗಿಯ ತೋಳು ಮಡಿಚಿ ಕೂತು ತಿರುಗಿಸತೊಡಗಿದ. ಒಲೆ ಭುಗಿಲೆಂದಿತು. ಕಮ್ಮಾರ ಕೆಂಪಗೆ ಕಾದ ತುದಿಯನ್ನು ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ. ಐದು ದಿನದ ಮೇಲೆ ಬೀದಿಗೆ ಮತ್ತೆ ಆ ಟಣ್ ಟಣ್ ಕೇಳಿಸಿತು. ಒಂದು ಸಲಾಕೆಯಾಯಿತು, ಇನ್ನೊಂದಾಯಿತು, ಮತ್ತೊಂದಾಯಿತು. ತಾರೀಖಪ್ಪನ ಮುಖಕ್ಕೆಲ್ಲ ಮಸಿ ಮೆತ್ತಿತು, ಭುಜ ಕಿತ್ತು ಬರುವಂತಾಯಿತು. ಆದರೂ ಒಂದು ವಾರದಲ್ಲಿ ಮೊದಲ ಬಾರಿಗೆ ಅವನಿಗೆ ಎದೆ ಹಗುರಾಗಿತ್ತು.

ಆಗ ಭಾವಮೈದ ಬಾಗಿಲಲ್ಲಿ ತಲೆ ಹಾಕಿದ. ಇಡೀ ಮಧ್ಯಾಹ್ನ ನಕ್ಕು ನಕ್ಕು ಅವನ ದನಿ ಕಟ್ಟಿಹೋಗಿತ್ತು.

"ಏನ್ ಭಾವ, ಹೊಸ ಕೆಲಸ ಜೋರಾಗಿದೆ! ಎಷ್ಟು ಸಲಾಕೆ ಆಯ್ತು?"

ತಾರೀಖಪ್ಪ ಚಕ್ರ ನಿಲ್ಲಿಸಲಿಲ್ಲ.

"ಗೊತ್ತಿಲ್ಲಪ್ಪ," ಎಂದ. "ನನಗೆ ಅಂಕಿ ಬರಲ್ಲ. ಬರೆದುಕೊಟ್ಟಿದೀನಿ. ಒಳಗೆ ಬಾ, ಅಂಗಿ ಬಿಚ್ಚಿಟ್ಟು ನೀನೇ ಎಣಿಸಿ ಎಣಿಸಿ ಗೋಡೆಗೆ ಒರಗಿಸು."

ಕಮ್ಮಾರ ಸುತ್ತಿಗೆಯನ್ನು ಅರ್ಧಕ್ಕೇ ನಿಲ್ಲಿಸಿ, ಆ ದಿನದ ಮೊದಲ ಮಾತಾಡಿದ.

"ಬೇಗ," ಎಂದ ಭಾವಮೈದನಿಗೆ.